ಮೊಬೈಲಿನೊಳಗಿನ ಮನೆಗೆ ನಮ್ಮೂರ ಕಲ್ಲು ಬೇಕು

ನಮ್ಮ ಜಿಲ್ಲೆಯ ಮಕ್ಕಳು ಮೊಬೈಲಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಗೋಡೆ ಏರಿಸುತ್ತಾರೆ, ಕಂಬ ನಿಲ್ಲಿಸುತ್ತಾರೆ, ಮೇಲೆ ಕಡಿದಾದ ಮರದ ಛಾವಣಿ ಹಾಕಿ ಪಕ್ಕದಲ್ಲಿ ಚಿಮಣಿ ಇಡುತ್ತಾರೆ. ಹಿಮ ಜಾರಿ ಬೀಳಲಿ ಎಂದು ಯುರೋಪಿನವರು ಕಟ್ಟುವ ಛಾವಣಿ ಅದು. ಲಕ್ಷ್ಮೇಶ್ವರದಲ್ಲಿ ಹಿಮ ಬೀಳುವುದಿಲ್ಲ. ಮುಂಡರಗಿಯಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಬೀಳದ ತಿಂಗಳುಗಳೂ ಇವೆ. ಆದರೂ ನಮ್ಮ ಮಕ್ಕಳಿಗೆ 'ಚೆಂದದ ಮನೆ' ಅಂದರೆ ಅದೇ ಆಗಿದೆ. ಆಟದ ಸಾಮಾನಿನ ಪಟ್ಟಿಯಲ್ಲಿ ಅದೇ ಇದೆ, ನಮ್ಮದು ಇಲ್ಲ.

ಇದು ಸಣ್ಣ ಮಾತಲ್ಲ ಎಂಬುದೇ ನಮ್ಮ ವಾದ. ಆ ಪಟ್ಟಿಯಲ್ಲಿ ನಮ್ಮ ಕಲ್ಲು, ನಮ್ಮ ಮಣ್ಣು, ನಮ್ಮ ಬೋದಿಗೆ ಇರಬೇಕು. ಅದನ್ನು ಯಾವ ಕಂಪನಿಯೂ ನಮಗಾಗಿ ಮಾಡಿಕೊಡುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನಾವೇ ಮಾಡಬೇಕು. ಮಾಡಲು ಬರುತ್ತದೆ, ಖರ್ಚೂ ಇಲ್ಲ.

ಎಲ್ಲ ಆಟವೂ ಜೂಜಲ್ಲ

'ಗೇಮ್' ಎಂಬ ಮಾತು ಬಂದ ಕೂಡಲೇ ಹಿರಿಯರು ಸಿಟ್ಟಾಗುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ಹಣ ಹಚ್ಚಿ ಆಡುವ ಆ್ಯಪ್‌ಗಳಿಂದ ಹೊಲ ಒತ್ತೆ ಬಿದ್ದದ್ದನ್ನು, ಮನೆ ಮುರಿದದ್ದನ್ನು ಹಳ್ಳಿಗಳು ಕಂಡಿವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದ್ದು ಸುಮ್ಮನೆ ಅಲ್ಲ.

ನಾವು ಹೇಳುತ್ತಿರುವ ಆಟ ಬೇರೆ. ಇಲ್ಲಿ ಸೋಲು ಗೆಲುವಿನ ಗುರಿಯೇ ಇಲ್ಲದೆ ಆಡಬಹುದು. ಉಸುಕಿನ ರಾಶಿಯಲ್ಲಿ ಮಕ್ಕಳು ಗುಡಿ ಕಟ್ಟಿ ಕೆಡವಿ ಮತ್ತೆ ಕಟ್ಟುತ್ತಾರಲ್ಲ, ಅದೇ ಆಟ ಪರದೆಯ ಮೇಲೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಂಡ್‌ಬಾಕ್ಸ್ ಗೇಮ್ ಎನ್ನುತ್ತಾರೆ. ಇದರಲ್ಲಿ ಹೆಸರಾದದ್ದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದು ದುಡ್ಡು ಕೊಟ್ಟು ಕೊಳ್ಳುವ ಆಟ. ಅದರ ಹಾಗೆಯೇ ಕಾಣುವ ಪುಕ್ಕಟೆ ಆಟಗಳೂ ಬೇಕಾದಷ್ಟಿವೆ.

ಆಟದ ಲೋಕವೆಲ್ಲ ಚೌಕ ಚೌಕದ ಬ್ಲಾಕ್‌ಗಳಿಂದ ಆಗಿದೆ. ಮಣ್ಣಿನದೊಂದು ಬ್ಲಾಕ್, ಕಲ್ಲಿನದೊಂದು, ಮರದ್ದೊಂದು. ಅವನ್ನು ಅಗೆದು ತಂದು ಒಂದರ ಮೇಲೊಂದು ಇಟ್ಟು ಏನು ಬೇಕಾದರೂ ಕಟ್ಟಬಹುದು. ಕೆಲವು ಬ್ಲಾಕ್‌ಗಳು ಬರೀ ಅಲಂಕಾರಕ್ಕೆ: ಕೆತ್ತಿದ ಕಲ್ಲು, ಬಿಳಿ ಕಂಬ, ಬಣ್ಣದ ಹೆಂಚು, ಹೊಳೆವ ಇಟ್ಟಿಗೆ.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಆ ಪಟ್ಟಿ ನೋಡಿ. ಓಕ್ ಮರದ ಹಲಗೆ ಇದೆ, ಸ್ಪ್ರೂಸ್ ಇದೆ, ಬರ್ಚ್ ಇದೆ. ನಮ್ಮ ಬೇವು ಇಲ್ಲ, ತೇಗ ಇಲ್ಲ. ಕೋಟೆ ಕಟ್ಟುವ ಕಲ್ಲಿನ ಇಟ್ಟಿಗೆ ಇದೆ, ಬಳಪದ ಕಲ್ಲು ಇಲ್ಲ.

ಒಂದು ಉದಾಹರಣೆ ಸಾಕು. ಈ ಆಟಕ್ಕೆ ಮಣ್ಣಿನ ಇಟ್ಟಿಗೆ ಬಂದದ್ದು 2022ರ ಜೂನ್‌ನಲ್ಲಿ, 1.19ನೇ ಆವೃತ್ತಿಯಲ್ಲಿ. ಅದನ್ನು ಮಾಡುವ ರೀತಿ ಕೇಳಿದರೆ ನಿಮ್ಮ ಅಜ್ಜ ನಗುತ್ತಾನೆ. ಮಣ್ಣಿಗೆ ನೀರು ಹಾಕಿ ಕೆಸರು ಮಾಡಬೇಕು, ಕೆಸರಿಗೆ ಗೋದಿ ಬೆರೆಸಬೇಕು, ಆಮೇಲೆ ಇಟ್ಟಿಗೆ ಮಾಡಬೇಕು. ನಮ್ಮವರು ಕೆಸರಿಗೆ ಹೊಟ್ಟು ಹಾಕಿ ತುಳಿದು ಗೋಡೆ ಕಟ್ಟಿದ್ದು ಎಷ್ಟು ತಲೆಮಾರಿನಿಂದ! ಜಗತ್ತಿನ ಶ್ರೀಮಂತ ಕಂಪನಿಗೆ ಮಣ್ಣೂ ಒಂದು ಮನೆ ಕಟ್ಟುವ ಸಾಮಾನು ಎಂದು ಹೊಳೆಯಲು ಆಟ ಬಂದು ಹತ್ತು ವರ್ಷ ದಾಟಬೇಕಾಯಿತು. ಅಲ್ಲಿಯವರೆಗೆ ಮಣ್ಣು ಅಲ್ಲಿ ಗುಂಡಿ ಮುಚ್ಚುವ ವಸ್ತು ಅಷ್ಟೇ.

ಮೈನ್‌ಕ್ರಾಫ್ಟಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ನೋಡಿ ಹಿಗ್ಗುವವರಿದ್ದಾರೆ. ಅವರು ಒಂದು ಮಾತಿಗೆ ಉತ್ತರ ಹೇಳಲಿ: ಓಕ್ ಹಲಗೆಗೆ ಕನ್ನಡ ಹೆಸರು ಕೊಟ್ಟರೆ ಅದು ನಮ್ಮ ಮನೆಯ ತೊಲೆ ಆಗುತ್ತದೆಯೇ?

ಮಕ್ಕಳು ಕೈಗೆ ಸಿಕ್ಕಿದ್ದರಿಂದ ಕಟ್ಟುತ್ತಾರೆ, ಕಟ್ಟಿದ್ದನ್ನೇ ಚೆಂದ ಎಂದು ಕಲಿಯುತ್ತಾರೆ. ದಿನವೂ ಒಂದು ತಾಸು ಬಿಳಿ ಕಂಬ, ಓಕ್ ಹಲಗೆ ಜೋಡಿಸಿದ ಮಗು ತನ್ನ ಅಜ್ಜನ ಮನೆಯ ಕರಿ ತೊಲೆ ನೋಡಿದಾಗ 'ಹಳೇ ಮನಿ, ಕೆಡವ್ರಿ' ಅನ್ನುತ್ತದೆ. ಅದರ ಕಣ್ಣಿಗೆ ಆ ತೊಲೆಯ ಮೇಲಿನ ಕೆತ್ತನೆ ಬೀಳುವುದೇ ಇಲ್ಲ.

ನಮ್ಮ ಕಾಲ ಕೆಳಗೇ ಇದೆ

ನಮ್ಮಲ್ಲಿ ಅಲಂಕಾರಕ್ಕೆ ಬರವೇ? ಗದಗದಿಂದ ಲಕ್ಕುಂಡಿಗೆ ಬಸ್ಸಿನಲ್ಲಿ ಅರ್ಧ ತಾಸೂ ಇಲ್ಲ. ಅಲ್ಲಿಯ ಬ್ರಹ್ಮ ಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿ ಸಾವಿರ ವರ್ಷ ದಾಟಿದೆ. ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನು ಬುಗುರಿ ಕಡೆದಂತೆ ತಿರುಗಿಸಿ ಕಡೆದಿದ್ದಾರೆ. ಕೈ ಇಟ್ಟರೆ ಜಾರುತ್ತದೆ. ಆ ಕಲ್ಲು ಬಳಪದ ಕಲ್ಲಿನ ಜಾತಿಯದು. ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ಬಳಗ. ಮೆತ್ತಗಿರುವುದರಿಂದಲೇ ಉಳಿಗೆ ಸಿಕ್ಕಿತು, ಬಾಗಿಲ ಚೌಕಟ್ಟಿನಲ್ಲಿ ಬಳ್ಳಿಯ ಎಲೆ ಎಲೆಯೂ ಎದ್ದು ಬಂತು. ಗದಗದ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಒಮ್ಮೆ ಹತ್ತಿರ ನಿಂತು ನೋಡಿ. ಒಂದು ಕಂಬ ಇನ್ನೊಂದರ ನಕಲು ಅಂದುಕೊಂಡು ಮುಂದೆ ಹೋಗಬೇಡಿ.

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿ ಈ ಆಟ ಆಡುವವರಿಗೆಂದೇ ಕಟ್ಟಿದಂತಿದೆ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಲೆಕ್ಕ ಸರಳ: ಒಂದು ಚೌಕ ತೆಗೆದುಕೊಳ್ಳಿ, ನಡುವಿನ ಬಿಂದು ಹಿಡಿದು 15 ಡಿಗ್ರಿ ತಿರುಗಿಸಿ, ಮತ್ತೆ 15 ತಿರುಗಿಸಿ. ಹೀಗೆ ಆರು ಚೌಕ ಇಟ್ಟರೆ 24 ಮೂಲೆ. ಆಟದ ಬ್ಲಾಕೂ ಚೌಕ, ನಮ್ಮ ಶಿಲ್ಪಿ ಹಿಡಿದದ್ದೂ ಚೌಕ. ಅವನು ಚೌಕದಿಂದ ನಕ್ಷತ್ರ ತೆಗೆದ.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ಇದೆ, ಶಂಖ ಬಸದಿ ಇದೆ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ಇದೆ. ಒಂದೇ ಊರಲ್ಲಿ ಮೂರು ಬಗೆಯ ಕಟ್ಟೋಣ. ಇದೇ ಊರು ಹಿಂದೆ ಪುಲಿಗೆರೆ. ಪಂಪ ತನ್ನ ಕಾವ್ಯದ ಕನ್ನಡಕ್ಕೆ ಈ ಊರಿನ ಕನ್ನಡವನ್ನೇ ಆಧಾರ ಮಾಡಿಕೊಂಡ. ಭಾಷೆಗೆ ಅಳತೆಗೋಲಾದ ಊರಿನ ಮಕ್ಕಳಿಗೆ ಇಂದು ಕಂಬದ ಮೇಲಿನ ಭಾಗಕ್ಕೆ ಏನನ್ನುತ್ತಾರೆ ಎಂದು ಕೇಳಿ.

ಗುಡಿ ಬಿಡಿ, ಮನೆಗೆ ಬನ್ನಿ. ತಲಬಾಗಿಲು, ಹೊಸ್ತಿಲು, ಕಟ್ಟೆ, ಪಡಸಾಲೆ. ದೀಪ ಇಡುವ ಮಾಡ. ಮಾಳಿಗೆಯಲ್ಲಿ ಬೆಳಕಿಂಡಿ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಹುಲ್ಲು ಬೆಳೆಯದ ಸವಳು ಮಣ್ಣು. ದನ ಕಟ್ಟುವಲ್ಲಿ ಗೋದಲಿ. ಜೋಳ ತುಂಬುವ ಹಗೇವು. ಒಂದೊಂದೂ ಒಂದೊಂದು ಬ್ಲಾಕ್ ಆಗಬಲ್ಲದು. ಶಿರಹಟ್ಟಿಯ ಯಾವ ಹಳೆಯ ಓಣಿಗೆ ಹೋದರೂ ಇದರಲ್ಲಿ ಅರ್ಧ ಇನ್ನೂ ಕಣ್ಣಿಗೆ ಬೀಳುತ್ತದೆ. ಇನ್ನು ಹತ್ತು ವರ್ಷಕ್ಕೆ ಬೀಳುತ್ತದೆಯೇ?

ಮಣ್ಣಿನ ಮನೆಗೆ ಹಿಂದಿರುಗಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ಕೂತವರಿಗೆ, ಗೋಡೆ ಕುಸಿಯುವ ಭಯದಲ್ಲಿ ಮಕ್ಕಳನ್ನು ಮಲಗಿಸಿದವರಿಗೆ, ವರ್ಷವೂ ಸಾರಿಸಿ ಬಳಿದು ನಡು ಮುರಿದುಕೊಂಡ ಹೆಣ್ಣುಮಕ್ಕಳಿಗೆ ಆರ್‌ಸಿಸಿ ಮನೆ ಬೇಕು, ಸಿಗಬೇಕು. ಆದರೆ ಹಳೆ ಮನೆ ಕೆಡವಿದ ದಿನ ಬೋದಿಗೆ ಗುಜರಿಗೆ ಹೋಗುತ್ತದೆ, ಕೆತ್ತಿದ ಬಾಗಿಲು ಪ್ಯಾಟಿಯ ವ್ಯಾಪಾರಿಗೆ ಹೋಗುತ್ತದೆ. ಜೊತೆಗೆ ಆ ಶಬ್ದಗಳೂ ಹೋಗುತ್ತವೆ. ಕೆಡವುವ ಮೊದಲು ಯಾರೂ ಅಳೆಯುವುದಿಲ್ಲ, ಒಂದು ಫೋಟೋ ತೆಗೆಯುವುದಿಲ್ಲ.

2024ರ ನವೆಂಬರ್‌ನಲ್ಲಿ ಲಕ್ಕುಂಡಿಯಲ್ಲಿ ಮನೆ, ಹಿತ್ತಲು, ಬೀದಿಗಳಲ್ಲಿ ಚದುರಿದ್ದ ಕೆತ್ತನೆಯ ಕಲ್ಲುಗಳನ್ನು ಹುಡುಕಿ ಒಂದೆಡೆ ಸೇರಿಸುವ ಅಭಿಯಾನ ನಡೆಯಿತು. ಒಳ್ಳೆಯ ಕೆಲಸ. ಆದರೆ ಸರ್ಕಾರ ಹುಡುಕುವುದು ಶಾಸನವನ್ನು, ಮೂರ್ತಿಯನ್ನು. ನಿಮ್ಮ ಪಡಸಾಲೆಯ ಬೋದಿಗೆಯನ್ನು ಹುಡುಕಿಕೊಂಡು ಯಾವ ಅಧಿಕಾರಿಯೂ ಬರುವುದಿಲ್ಲ.

ಮೋಡ್ ಅಂದರೆ ಕೂರಿಗೆ ಇದ್ದಂತೆ

ಕಂಪನಿ ಟ್ರ್ಯಾಕ್ಟರ್ ಮಾಡುತ್ತದೆ. ಹಿಂದೆ ರೆಂಟೆ ಜೋಡಿಸಬೇಕೋ, ಕೂರಿಗೆ ಜೋಡಿಸಬೇಕೋ ರೈತ ನೋಡಿಕೊಳ್ಳುತ್ತಾನೆ. ಆಟಕ್ಕೆ ಹೀಗೆ ಹೊರಗಿನವರು ಜೋಡಿಸುವ ತುಣುಕಿಗೆ ಮೋಡ್ ಎನ್ನುತ್ತಾರೆ. ಹೊಸ ಅಲಂಕಾರದ ಬ್ಲಾಕ್ ಸೇರಿಸುವ ಮೋಡ್‌ಗಳನ್ನು ಜಗತ್ತಿನ ಎಲ್ಲೆಡೆ ಹವ್ಯಾಸಿಗಳು ಮಾಡುತ್ತಿದ್ದಾರೆ.

ನಮಗೆ ಅನುಕೂಲವಾದದ್ದು ಲುವಾಂಟಿ. ಇದನ್ನು 2010ರಲ್ಲಿ ಫಿನ್‌ಲ್ಯಾಂಡಿನ ಪೆರ್ಟು ಅಹೋಲಾ ಶುರು ಮಾಡಿದರು. ಮೊದಲ ಹೆಸರು ಮೈನ್‌ಟೆಸ್ಟ್, 2024ರ ಅಕ್ಟೋಬರ್‌ನಲ್ಲಿ ಲುವಾಂಟಿ ಆಯಿತು. ಇದು ಮುಕ್ತ ತಂತ್ರಾಂಶ: ಪುಕ್ಕಟೆ ಸಿಗುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ನಡೆಯುತ್ತದೆ, ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ಅದರಲ್ಲಿ ಒಂದು ಬ್ಲಾಕ್ ಮಾಡಲು ಎರಡು ಬೇಕು. ಮೊದಲನೆಯದು ಚಿತ್ರ. ಅಡ್ಡ 16, ಉದ್ದ 16, ಒಟ್ಟು 256 ಚುಕ್ಕಿಗಳ ಪುಟ್ಟ ಚೌಕ. ಎರಡನೆಯದು ಲುವಾ ಎಂಬ ಸರಳ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲಿಗಿಂತ ಕಡಿಮೆ ಬರಹ: ಈ ಬ್ಲಾಕಿನ ಹೆಸರು ಇದು, ಚಿತ್ರ ಇದು, ಇಷ್ಟು ಗಟ್ಟಿ. ಪೂರ್ತಿ ಚೌಕವೇ ಆಗಬೇಕೆಂದಿಲ್ಲ. ಸಣ್ಣ ಪೆಟ್ಟಿಗೆಗಳನ್ನು ಜೋಡಿಸಿ ಬೋದಿಗೆಯ ಚಾಚಿದ ಕೈಗಳನ್ನೂ ಮಾಡಬಹುದು.

ಈಗ 256 ಚುಕ್ಕಿಯ ವಿಷಯಕ್ಕೆ ಬರೋಣ. ಇದನ್ನು ಮಾಡಲು ಬೆಂಗಳೂರಿನ ಡಿಸೈನರ್ ಬೇಕು ಅನ್ನುವವರು ನಮ್ಮ ಮನೆಯ ಹೆಣ್ಣುಮಕ್ಕಳ ಕೈ ನೋಡಿಲ್ಲ. ಕಸೂತಿ ಅಂದರೆ ಏನು? ಬಟ್ಟೆಯ ಎಳೆ ಎಣಿಸಿ ಹೊಲಿಯುವುದು. ಗೌಂತಿ, ಮುರ್ಗಿ, ನೇಯ್ಗಿ, ಮೆಂಥಿ, ಈ ನಾಲ್ಕು ಹೊಲಿಗೆಯಲ್ಲಿ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಎಲ್ಲವನ್ನೂ ಅವರು ಎಣಿಕೆಯಿಂದಲೇ ತೆಗೆದರು, ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ. ಬೆಟಗೇರಿಯ ಮಗ್ಗದಲ್ಲಿ ಸೀರೆಯ ದಡಿ ನೇಯುವವರಿಗೆ ಎಣಿಕೆ ತಪ್ಪಿದರೆ ಚಿತ್ರ ಕೆಟ್ಟಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುವ ಹುಡುಗಿಗೆ ಸಾಲು, ಚುಕ್ಕಿ ಹೊಸದಲ್ಲ. ಕಂಪ್ಯೂಟರ್‌ನವರು ಪಿಕ್ಸೆಲ್ ಅನ್ನುವುದನ್ನು ನಮ್ಮ ಅವ್ವಂದಿರು ಎಳೆ ಅಂದರು, ಚುಕ್ಕಿ ಅಂದರು. ಕೌಶಲ ಮನೆಯಲ್ಲೇ ಕೂತಿದೆ, ಕರೆಯುವವರಿಲ್ಲ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ'

ಈ ಗಾದೆ ಹೇಳುವವರು ಬಂದೇ ಬರುತ್ತಾರೆ. 'ಬಸ್ಸಿಲ್ಲ, ನೀರಿಲ್ಲ, ಬೆಳೆಗೆ ಬೆಲೆಯಿಲ್ಲ. ಇವರಿಗೆ ಆಟದ ಕಲ್ಲಿನ ಚಿಂತಿ.' ಬಸ್ಸು, ನೀರು, ಬೆಲೆಯ ಬಗ್ಗೆ ಕೇಳುವುದನ್ನು ನಿಲ್ಲಿಸಿ ಎಂದು ನಾವು ಹೇಳಿಲ್ಲ. ಆದರೆ ಈ ಗಾದೆ ಹೇಳುವವರು ತಮ್ಮ ಅಜ್ಜಿಯನ್ನು ನೆನೆಯಲಿ. ಬರಗಾಲದಲ್ಲೂ ಆಕೆ ಅಂಗಳ ಸಾರಿಸಿ ರಂಗೋಲಿ ಇಟ್ಟಳು, ಹರಕು ಸೀರೆ ಸೇರಿಸಿ ಬಣ್ಣ ನೋಡಿ ಕೌದಿ ಹೊಲಿದಳು. ಬಡವರಿಗೆ ಚೆಂದ ಬೇಡ ಎಂದು ಆಕೆ ಎಂದೂ ಒಪ್ಪಲಿಲ್ಲ.

ಇನ್ನೊಂದು ತಕರಾರು: 'ಮಕ್ಕಳು ಮೊಬೈಲಿಗೆ ಇನ್ನೂ ಅಂಟಿಕೊಳ್ಳುತ್ತಾರೆ.' ಹೊತ್ತಿಗೆ ಮಿತಿ ಹಾಕಿ, ನಾವೂ ಜೊತೆಗಿದ್ದೇವೆ. ಆದರೆ ಬ್ಲಾಕ್ ಮಾಡುವ ಮಗು ಪರದೆ ಬಿಟ್ಟು ಹೊರಗೆ ಹೋಗಲೇಬೇಕು. ಕಂಬ ಅಳೆಯಬೇಕು, ಅಜ್ಜನನ್ನು ಹೆಸರು ಕೇಳಬೇಕು, ಬಣ್ಣ ನೋಡಬೇಕು. ರೀಲ್ಸ್ ನೋಡುವ ಮಗುವಿಗೆ ಈ ಯಾವ ಕೆಲಸವೂ ಇಲ್ಲ.

ಮೂರನೆಯದು ಸೂಕ್ಷ್ಮ: 'ಗುಡಿ, ಬಸದಿ, ಮಸೀದಿಯನ್ನು ಆಟದ ಸಾಮಾನು ಮಾಡುತ್ತೀರಾ?' ಇಲ್ಲ. ನಾವು ಕೇಳುತ್ತಿರುವುದು ಕಲ್ಲು, ಕಂಬ, ಜಾಲಂಧ್ರ, ಕಮಾನು, ಬಳ್ಳಿ. ದೇವರ ಮೂರ್ತಿ ಬೇಡ. ಹಿಂದೂ ಮುಸ್ಲಿಮರು ಕೂಡಿ ನಡೆದುಕೊಳ್ಳುವ ಫಕೀರೇಶ್ವರ ಮಠ ಇರುವ ಶಿರಹಟ್ಟಿಯ ಸೀಮೆಯಲ್ಲಿ, ಯಾವ ಕಮಾನು ಯಾರದು ಎಂದು ಜಗಳ ತೆಗೆಯುವವರಿಗೆ ಈ ಕೆಲಸದಲ್ಲಿ ಜಾಗ ಇಲ್ಲ. ಪಟ್ಟಿಯಲ್ಲಿ ಎಲ್ಲವೂ ಇರಲಿ, ಮಕ್ಕಳು ಬೇಕಾದ್ದು ಕಟ್ಟಲಿ.

ನಾಲ್ಕನೆಯದು: 'ಇಂಥದ್ದನ್ನೆಲ್ಲ ಯಾರಾದರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರಾ?' ತೆಗೆದುಕೊಂಡಿದ್ದಾರೆ. 2014ರಲ್ಲಿ ಡೆನ್ಮಾರ್ಕ್ ಸರ್ಕಾರದ ಭೂಮಾಪನ ಸಂಸ್ಥೆ ತನ್ನ ಇಡೀ ದೇಶವನ್ನು ಇದ್ದ ಅಳತೆಯಲ್ಲೇ ಮೈನ್‌ಕ್ರಾಫ್ಟಿನಲ್ಲಿ ಕಟ್ಟಿ ಶಾಲಾ ಮಕ್ಕಳಿಗೆ ಕೊಟ್ಟಿತು. ವಿಶ್ವಸಂಸ್ಥೆಯ ವಸತಿ ವಿಭಾಗ 2012ರಿಂದ ಇದೇ ಆಟ ಹಿಡಿದು, ತಮ್ಮ ಬಯಲು, ಉದ್ಯಾನ ಹೇಗಿರಬೇಕೆಂದು ಊರಿನವರಿಂದಲೇ ಕಟ್ಟಿಸಿ ನೋಡುತ್ತಿದೆ. ನೇಪಾಳದ ಕೀರ್ತಿಪುರದಲ್ಲಿ, ನಮ್ಮ ಮುಂಬೈಯಲ್ಲೂ ಅದು ನಡೆದಿದೆ. ಕೀರ್ತಿಪುರದವರಿಗೆ ಆಗಿದ್ದು ಡಂಬಳದವರಿಗೆ ಆಗದೇ?

ಕಾದು ಕೂತರೆ ಏನಾಗುತ್ತದೆ

ಮೈನ್‌ಕ್ರಾಫ್ಟ್ 2017ರಿಂದ ತನ್ನದೇ ಅಂಗಡಿ ನಡೆಸುತ್ತಿದೆ. ಅಲ್ಲಿ ಹೊಸ ಲೋಕ, ಹೊಸ ಬಣ್ಣ, ಹೊಸ ಸಾಮಾನು ಮಾರಾಟಕ್ಕಿವೆ. ನಾವು ಸುಮ್ಮನಿದ್ದರೆ ನಾಳೆ ಎಲ್ಲಿಯದೋ ಕಂಪನಿ ಲಕ್ಕುಂಡಿಯ ಕಂಬದ ಫೋಟೋ ತೆಗೆದು, 'ಇಂಡಿಯನ್ ಟೆಂಪಲ್' ಎಂದು ಒಂದೇ ಹೆಸರಿನಲ್ಲಿ ತಂಜಾವೂರು, ಖಜುರಾಹೊ ಎಲ್ಲವನ್ನೂ ಕಲಸಿ ನಮ್ಮ ಮಕ್ಕಳಿಗೇ ಮಾರಬಹುದು. ನಮ್ಮ ಕಲ್ಲಿಗೆ ನಾವೇ ದುಡ್ಡು ಕೊಡಬೇಕು, ಅದರ ಮೇಲೆ ತಪ್ಪು ಹೆಸರು.

ಸಾಲಕ್ಕಾಗಿ ಸಾಹುಕಾರನ ಮನೆ ಬಾಗಿಲಲ್ಲಿ ನಿಲ್ಲುವುದು ಸಾಕೆಂದು 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಅದು ನಮ್ಮ ಗದಗ ತಾಲ್ಲೂಕಿನ ಹಳ್ಳಿ. ನಾಲ್ಕು ಜನ ಕೂಡಿ ಎಲ್ಲರದ್ದೂ ಆಗುವಂಥದ್ದನ್ನು ಮಾಡುವುದು ನಮಗೆ ಹೊರಗಿನವರು ಕಲಿಸಬೇಕಾದ ಪಾಠವಲ್ಲ. ಮುದ್ರಣ ಕಾಶಿ ಎಂದು ಹೆಸರಾದ ಗದಗ ಒಂದು ಕಾಲದಲ್ಲಿ ಅಚ್ಚಿನ ಮೊಳೆಯನ್ನು ತನ್ನದಾಗಿಸಿಕೊಂಡಿತು. ಈಗ ಮೊಳೆಯ ಜಾಗದಲ್ಲಿ ಚುಕ್ಕಿ ಬಂದಿದೆ.

ಇಂತಿಷ್ಟು ಮಾಡಿ

ಭಾಷಣ ಸಾಕು, ಕೆಲಸ ಹೇಳುತ್ತೇವೆ.

ಶಾಲೆಯ ಗುರುಗಳೇ, ಲಕ್ಕುಂಡಿಗೆ, ಡಂಬಳಕ್ಕೆ ಪ್ರವಾಸ ಹೋದಾಗ ಗ್ರೂಪ್ ಫೋಟೋ ತೆಗೆದು ಬಸ್ ಹತ್ತಿಸಬೇಡಿ. ಒಂದೊಂದು ಮಗುವಿಗೆ ಚೌಕಳಿ ಹಾಳೆ ಕೊಡಿ. 16 ಮನೆ ಅಡ್ಡ, 16 ಮನೆ ಉದ್ದ. ಒಂದು ಕೆತ್ತನೆ ನೋಡಿ ತುಂಬಲಿ. ಆ ಹಾಳೆಯೇ ನಾಳೆಯ ಬ್ಲಾಕ್.

ಗ್ರಾಮ ಪಂಚಾಯ್ತಿಯವರೇ, ನಿಮ್ಮ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಧೂಳು ಒರೆಸಿ ಲುವಾಂಟಿ ಹಾಕಿಸಿ. ಶನಿವಾರ ಎರಡು ತಾಸು ಮಕ್ಕಳಿಗೆ ಬಿಡಿ. ಗದಗದಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಅಲ್ಲಿಯ ವಿದ್ಯಾರ್ಥಿಗಳು ಹತ್ತು ಸಾಲಿನ ಲುವಾ ಹೇಳಿಕೊಡಲು ಒಂದು ಊರು ಹಿಡಿಯಲಿ.

ಮನೆ ಕೆಡವುವವರೇ, ಕೆಡವಿ, ಆದರೆ ಮೊದಲ ಗುದ್ದಲಿ ಬೀಳುವ ಮುಂಚೆ ಬಾಗಿಲು, ಬೋದಿಗೆ, ಮಾಡ, ಬೆಳಕಿಂಡಿಯನ್ನು ಎದುರಿನಿಂದ ನೇರವಾಗಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಹಿರಿಯರನ್ನು ಕೇಳಿ ಪ್ರತಿಯೊಂದರ ಹೆಸರು ಬರೆದಿಡಿ.

ಹುಡುಗ ಹುಡುಗಿಯರೇ, ಆಟದ ಒಳಗಿನ ಸಂಕೇತದ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಾಗುತ್ತದೆ. ಇರಲಿ. ಆದರೆ ಅದನ್ನು 'ಇಂಡಿಯನ್ ಪಿಲ್ಲರ್ ಟಾಪ್' ಎಂದು ಬರೆಯಬೇಡಿ, ಬೋದಿಗೆ ಎಂದೇ ಬರೆಯಿರಿ. ಫಿನ್‌ಲ್ಯಾಂಡಿನ ಮಗು ತನ್ನ ಮನೆ ಕಟ್ಟುವಾಗ ನಮ್ಮ ಶಬ್ದ ಕಲಿಯಲಿ. ಮಾಡಿದ್ದನ್ನು ಎಲ್ಲರಿಗೂ ಪುಕ್ಕಟೆ ಬಿಡಿ, ಯಾರೂ ಬೀಗ ಹಾಕದಂಥ ಪರವಾನಗಿ ಇಟ್ಟು ಬಿಡಿ.

ಮೊದಲಿಗೆ ಹತ್ತು ಸಾಕು: ಬಳಪದ ಕಲ್ಲು, ಕಡೆದ ಕಂಬ, ಬೋದಿಗೆ, ತೊಲೆ, ಜಂತಿ, ಜಾಲಂಧ್ರ, ಮಣ್ಣಿನ ಗೋಡೆ, ಬೆಳಕಿಂಡಿ, ಮಾಡ, ಹೊಸ್ತಿಲು. ಹತ್ತೂ ಬ್ಲಾಕ್‌ನ ಎಲ್ಲ ಮುಖಕ್ಕೆ ಬೇರೆ ಬೇರೆ ಚಿತ್ರ ಬೇಕಾದರೂ ಅರವತ್ತು ಚೌಕ. ಒಂದು ಶಾಲೆಯ ಎರಡು ತರಗತಿಯ ಮಕ್ಕಳು ತಲೆಗೊಂದು ಮಾಡಿದರೆ ಒಂದೇ ವಾರದ ಕೆಲಸ.

ನಾಲ್ಕು ತಾಲ್ಲೂಕಿನಲ್ಲಿ ಮೊದಲು ಯಾವ ಊರು ಶುರು ಮಾಡುತ್ತದೆ? ಹೇಳಿ, ಆ ಊರಿಗೆ ನಾವು ಬರುತ್ತೇವೆ.